ಕಾಗೆಗೆ ಎರಡನೇ ಸಾಕ್ಷಿ

ಮೊನ್ನೆ ಸಾಗರದಲ್ಲಿ ಹೊಸ ಕನ್ನಡಕ ತಗೊಂಡಾಗ ಅಂಗಡಿಯವನು ಡಬ್ಬಿ ಮುಚ್ಚಿದ. ಟಪ್! ಅಷ್ಟೇ, ನನಗೆ ಎಂಟು ವರ್ಷವಾಗಿಬಿಟ್ಟಿತು, ಬೆನ್ನು ತಾನಾಗಿ ನೆಟ್ಟಗಾಯಿತು. ನಮ್ಮಜ್ಜ ಕನ್ನಡಕದ ಡಬ್ಬಿ ಮುಚ್ಚಿದರೆಂದರೆ ವಿಚಾರಣೆ ಮುಗಿಯಿತು ಅಂತ ಅರ್ಥ. ತೀರ್ಥಹಳ್ಳಿ ಕಡೆಯ ರೈತರ ಮನೆಯಲ್ಲಿ ಹುಟ್ಟಿ, ಸಾಗರದ ವಕೀಲರೊಬ್ಬರ ಹತ್ತಿರ ಗುಮಾಸ್ತಿಕೆ ಮಾಡುತ್ತಲೇ ತಲೆ ನರೆತವರು ಅವರು. ಕೋರ್ಟಿನಿಂದ ಮನೆಗೆ ತಂದ ಆಸ್ತಿ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ: ಕೊರಾಬರೇಟ್. "ಒಬ್ರು ಹೇಳಿದ್ದನ್ನ ಇನ್ನೊಬ್ರು ಬೇರೆ ಕಡೆಯಿಂದ ಬಂದು ಗಟ್ಟಿ ಮಾಡೋದು," ಎಂದು ಬಿಡಿಸಿ ಹೇಳುತ್ತಿದ್ದರು. "ಲ್ಯಾಟಿನ್ನಲ್ಲಿ ರೋಬುರ್ ಅಂದ್ರೆ ಓಕ್ ಮರ, ಅದರ ಗಟ್ಟಿತನ. ನಮ್ಮ ಕಡೆ ಬೀಟೆ ಅಂದ್ಕೊಳ್ಳಿ. ಅದ್ರಿಂದ ಹುಟ್ಟಿದ ಮಾತು. ಗೊನೆ ಬಿಟ್ಟ ಬಾಳೆಗೆ ಕೋಲು ಆನಿಸಲ್ವಾ, ಹಂಗೆ. ಆ ಆಸರೆ ಮಾತಿಗೆ ಕೊಡೋದು, ಮನುಷ್ಯನಿಗಲ್ಲ."

ಆ ಒಂದು ಪದದಿಂದ ನಮ್ಮ ಮನೆಯ ಗೋಡೆಗೂ ಅನುಮಾನ ಅಂಟಿತ್ತು. ಹಾಲು ಒಡೆಯಿತು ಅಂದರೆ ಪಕ್ಕದ ಮನೆಯಲ್ಲೂ ಒಡೆದಿದೆಯಾ ಎಂದು ಕೇಳಿ ಬರಬೇಕು. ಶಾಲೆಗೆ ರಜ ಅಂದರೆ ಗೆಳತಿಯನ್ನು ಕರೆತರಬೇಕು. "ನಂಗೆ ಹೊಟ್ಟೆನೋವು ಅಂದ್ರೂ ಈ ಮಾರಾಯರಿಗೆ ಸಾಕ್ಷಿ ಬೇಕು!" ಎಂದು ಅಜ್ಜಿ ಒಗ್ಗರಣೆಯ ಚಟಪಟದ ನಡುವೆಯೇ ಗೊಣಗುತ್ತಿದ್ದಳು. ಅಂಥ ಮನೆಯಲ್ಲಿ ಒಂದು ಬೆಳಿಗ್ಗೆ ಚಿಕ್ಕಮ್ಮ ತಲೆಗೆ ಸ್ನಾನ ಮಾಡಲು ಹೋಗುವಾಗ ಬೆಂಡೋಲೆ ಬಿಚ್ಚಿ ಬಾವಿಕಟ್ಟೆಯ ಮೇಲಿಟ್ಟಳು. ಕಾಗೆಯೊಂದು ಬಂದು ಒಂದನ್ನು ಕಚ್ಚಿಕೊಂಡು ಹಾರಿತು. ದೇವರಾಣೆಗೂ ಹಾರಿತು, ನಾನು ಕಣ್ಣಾರೆ ಕಂಡೆ, ನಾನೊಬ್ಬಳೇ ಕಂಡೆ. "ಕಾಗೆಯಂತೆ ಕಾಗೆ! ಇವಳ ಜೇಬು ನೋಡಿ ಮೊದ್ಲು," ಎಂದಳು ಚಿಕ್ಕಮ್ಮ. ಅಜ್ಜ ಕನ್ನಡಕ ಹಾಕಿಕೊಂಡು, "ಕೊರಾಬರೇಟ್ ಮಾಡೋರು ಯಾರು?" ಎಂದರು. ಯಾರೂ ಇರಲಿಲ್ಲ. ಜೇಬು ಖಾಲಿಯಿದ್ದರೂ ಎಲ್ಲರ ಕಣ್ಣಲ್ಲಿ ನಾನು ಕಳ್ಳಿ. ಅಷ್ಟರಲ್ಲಿ ಇಕ್ಕೇರಿಯ ದೇವಸ್ಥಾನದಿಂದ ಬಂದ ಅಜ್ಜಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

"ನಾನೂ ಕಂಡಿದೀನಿ. ಕಾಗೇನೇ," ಎಂದಳು.

"ಯಾವ ಕಡೆ ಹಾರ್ತು?"

"ಮೇಲಕ್ಕೆ. ಮತ್ತೆ ಕೆಳಕ್ಕೆ ಹಾರುತ್ತೇನ್ರೀ?"

ಅಜ್ಜಿ ಹೋಗಿದ್ದು ಮೊದಲ ಬಸ್ಸಿಗೆ, ಚಿಕ್ಕಮ್ಮ ಬಚ್ಚಲಿಗೆ ಹೋಗಿದ್ದು ಅದೆಷ್ಟೋ ಹೊತ್ತಿನ ಮೇಲೆ. ಅಜ್ಜನಿಗೆ ಅದು ಗೊತ್ತಿಲ್ಲದ್ದೇನಲ್ಲ. ಅಜ್ಜಿಯ ಹಣೆಯ ಹಸಿ ಕುಂಕುಮವನ್ನೇ ನೋಡುತ್ತಾ ಕೂತರು. ಆಮೇಲೆ ಕನ್ನಡಕ ತೆಗೆದು ಡಬ್ಬಿ ಮುಚ್ಚಿದರು. ಟಪ್.

ಈಗ ಅಜ್ಜ ಇಲ್ಲ, ಅಜ್ಜಿ ಇಲ್ಲ, ಚಿಕ್ಕಮ್ಮನೂ ಇಲ್ಲ. ಮನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿಗಳ ಸಾಲು. ಕನ್ನಡಕ ತಗೊಂಡ ಸಂಜೆಯೇ ಹೊಸನಗರದಲ್ಲಿರುವ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿ ಕಾಗೆಯ ಕತೆ ಹೇಳಿದೆ. ಅವನು ನಕ್ಕುಬಿಟ್ಟ. "ಅಕ್ಕಾ, ಸಾಗರದ ನಮ್ಮನೇಲಿ ಬಾವಿ ಎಲ್ಲಿತ್ತೇ?" ಅಂದ. ಅವನು ಹುಟ್ಟುವ ಮೊದಲೇ ಮುಚ್ಚಿಸಿದ್ದಿರಬೇಕು. ಇರಬೇಕು, ಅಷ್ಟೇ, ಕೇಳೋಣವೆಂದರೆ ಯಾರನ್ನು ಕೇಳಲಿ? ಅವತ್ತಿನಿಂದ ನನ್ನ ಮೇಲೆ ನನಗೇ ಗುಮಾನಿ. ಕಾಗೆ ಹೋಗಲಿ, ಬಾವಿಯಾದರೂ ಇತ್ತಾ? ಅಜ್ಜಿ ಇದ್ದಿದ್ದರೆ ಇತ್ತು ಅನ್ನುತ್ತಿದ್ದಳು. ದಿನಾ ಅದೇ ಬಾವಿಯ ನೀರು ಸೇದಿದವಳು. ಈ ಸಲ ನನಗೋಸ್ಕರ ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ.