ಮೀಸೆಯಿದ್ದ ಪಪ್ಪಾಯಿ

ನಮ್ಮ ನೆರೆಮನೆಯ ಟೀಚರು ಕೇರಳದಿಂದ ಕಡಬಕ್ಕೆ ಬಂದು ನೆಲೆಸಿದವರು. ಹುಲಿವೇಷದ ತಾಸೆಯ ಸದ್ದು ಕೇಳಿದರೆ ಮಂಚದಡಿ ನುಗ್ಗುತ್ತಿದ್ದ ನಮ್ಮಂಥ ಮಕ್ಕಳನ್ನು ನವರಾತ್ರಿ ರಜೆಯಲ್ಲಿ ಕರೆದು 'ಗುಮ್ಮನ ಊಟ' ಹಾಕುತ್ತಿದ್ದರು. ಯಾವುದಕ್ಕೆ ಹೆದರಿಕೆಯೋ ಅದನ್ನೇ ಹಣ್ಣಿನಲ್ಲಿ ಮಾಡಿ ತಿನ್ನಬೇಕು. ನನ್ನದು ಯಾವಾಗಲೂ ಬಾಳೆಹಣ್ಣಿನ ಹಾವು. ಸಕ್ಕರೆ ಕೇಳಿದರೆ ಕೊಡುತ್ತಿರಲಿಲ್ಲ. "ಹೆದರಿಕೆ ಉಂಟಾ? ಹಾಗಾದ್ರೆ ಕಚ್ಚಿ!" ಎನ್ನುತ್ತಿದ್ದರು. ನಾವು ಕಚ್ಚುವಾಗ ತಮಗೇ ಭಯವಾದಂತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು.

ಒಂದು ವರ್ಷ ನನ್ನ ಗೆಳತಿ ಪಪ್ಪಾಯಿ ಹೋಳಿಗೆ ಕೆಂಪು ಪೇರಳೆಯ ಕಣ್ಣು, ಒಣದ್ರಾಕ್ಷಿಯ ದಪ್ಪ ಮೀಸೆ ಇಟ್ಟಳು. ಅಷ್ಟರಲ್ಲಿ ಅವಳನ್ನು ಕರೆದೊಯ್ಯಲು ಅವಳ ಅಪ್ಪ ಬಂದ. ಕುಡಿದರೆ ಊರಿಗೆಲ್ಲ ಕೇಳುವಂತೆ ಬೊಬ್ಬೆ ಹಾಕುವ ಮನುಷ್ಯ. ಅದೇ ಕಣ್ಣು, ಅದೇ ಮೀಸೆ.

"ಎಂತ ಇದು ಟೀಚರೇ, ಯಾರ ಮುಖ?"

ಗೆಳತಿ ಟೀಚರ ಸೆರಗು ಹಿಡಿದುಕೊಂಡಳು.

ಟೀಚರು ಅವನಿಗೆ ಕುರ್ಚಿ ಸರಿಸಿಕೊಟ್ಟರು. ಆಮೇಲೆ ತಟ್ಟೆಯನ್ನು ಅವಳ ಕೈಗಿಟ್ಟು, ಸ್ವಂತ ಮಗಳನ್ನು ಕರೆಯುವಂತೆ ಮೆಲ್ಲಗೆ ಹೇಳಿದರು: "ಮೀಸೆಯಿಂದ ಶುರು ಮಾಡು, ಮೋಳೇ."

ಅವಳು ಅಪ್ಪನನ್ನೇ ನೋಡುತ್ತ ಕಚ್ಚಿದಳು. ಟೀಚರೂ ಅವನನ್ನೇ ನೋಡುತ್ತಿದ್ದರು. ಆ ದಿನ ಕಣ್ಣು ಮುಚ್ಚಿಕೊಂಡವನು ಅವಳ ಅಪ್ಪ.