ಅತ್ತೆಯ ಶಾಲು ಹೊದ್ದ ಜಿಂಕೆ

ನಮ್ಮನೆಯವರಿಗೆ ಬಿಲ್ಲಿನ ಹುಚ್ಚು ಹತ್ತಿದ್ದು ತೊಂಬತ್ತರ ದಶಕದಲ್ಲಿ, ಅಮೆರಿಕದ ಸುವಾನಿ ಊರಿನ ನಮ್ಮ ಮನೆಯಲ್ಲಿದ್ದಾಗ. ಹಿತ್ತಲಿಗೆ ಕಾಡು ಅಂಟಿಕೊಂಡಿತ್ತು. ಜಿರಲೆ ಕಂಡರೆ ನನ್ನನ್ನು ಕೂಗುತ್ತಿದ್ದ ಗಂಡಸು ಬೇಟೆಗಾರನಾಗಲು ಹೊರಟರು. ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ತಾವು ಹೊಡೆದ ಜಿಂಕೆಯ ಫೋಟೋ ತೋರಿಸುತ್ತಿದ್ದರಂತೆ. ಇವರ ಹತ್ತಿರ ನಯಾಗರದ ಮುಂದೆ ಛತ್ರಿ ಹಿಡಿದು ನಿಂತ ಫೋಟೋ ಬಿಟ್ಟರೆ ಬೇರೇನೂ ಇರಲಿಲ್ಲ.

ಪಕ್ಕದ ಮನೆಯ ಮುದುಕ ತನ್ನ ಹಳೆಯ ಬಿಲ್ಲಿನ ಜೊತೆ ಒಂದು ಪ್ಲಾಸ್ಟಿಕ್ ಹೆಣ್ಣುಜಿಂಕೆಯನ್ನೂ ಕೊಟ್ಟ. ಬೆದೆಯ ಕಾಲದಲ್ಲಿ ಅದನ್ನು ನಿಲ್ಲಿಸಿದರೆ ಗಂಡು ಹತ್ತಿರ ಬರುತ್ತದೆ, ಆದರೆ ಮನುಷ್ಯರ ವಾಸನೆ ತಾಗಿದರೆ ಕೆಟ್ಟಿತು, ಕೈಗವಸು ಹಾಕಿಕೊಂಡೇ ಮುಟ್ಟು ಎಂದು ಹೇಳಿಕೊಟ್ಟ. ಇವರು ವಾರಾಂತ್ಯವೆಲ್ಲ ಮರದ ಮೇಲಿನ ಅಟ್ಟಣಿಗೆಯಲ್ಲಿ ಕೂತು ಚಳಿಗೆ ನಡುಗಿದರು. ಕವಲುಕೊಂಬಿನ ಗಂಡೊಂದು ದೂರದಲ್ಲೇ ನಿಂತು, ಗಾಳಿ ಮೂಸಿ, ಹಿಂದಿರುಗುತ್ತಿತ್ತು.

ಅದೇ ಗಂಡು ಅತ್ತೆಯ ಹತ್ತಿರ ಬರುತ್ತಿತ್ತು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅವರಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ನನ್ನ ಮೇಲೆ ಮುನಿದಾಗಲೆಲ್ಲ ಅವರು ಬೂದುಬಣ್ಣದ ಶಾಲು ಹೊದ್ದು, ಬಾಳೆಹಣ್ಣಿನ ಸಿಪ್ಪೆ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೊದಲು ಒಂದು ತಾಯಿಜಿಂಕೆ ಮರಿಯೊಂದಿಗೆ ಬಂತು, ಆಮೇಲೆ ಆ ಗಂಡು. ಸಿಪ್ಪೆ ತಿನ್ನಿಸುತ್ತಾ ನನ್ನ ಮೇಲಿನ ದೂರನ್ನೆಲ್ಲ ಅವಕ್ಕೆ ಒಪ್ಪಿಸುತ್ತಿದ್ದರು. ಇಡೀ ಅಮೆರಿಕದಲ್ಲಿ ಅವರ ಮಾತು ಕೇಳಲು ಇದ್ದದ್ದು ಆ ಮೂರೇ ಜೀವ.

ಕಿಟಕಿಯಿಂದ ಇದನ್ನು ನೋಡಿದ ನಮ್ಮನೆಯವರಿಗೆ ಬುದ್ಧಿ ಹೊಳೆಯಿತು. ಒಂದು ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಶಾಲನ್ನು ಒಯ್ದು ಪ್ಲಾಸ್ಟಿಕ್ ಜಿಂಕೆಗೆ ಹೊದಿಸಿದರು. ಹರಳೆಣ್ಣೆ, ವಿಭೂತಿ, ಒಗ್ಗರಣೆ ಎಲ್ಲದರ ವಾಸನೆ ಕುಡಿದಿದ್ದ ಶಾಲು. ಮುದುಕ ಕಲಿಸಿದ ವಿದ್ಯೆಗೆ ತದ್ವಿರುದ್ಧ. ಗಂಡು ನೇರವಾಗಿ ನಡೆದು ಬಂದು ಶಾಲಿನ ಮಡಿಕೆಯಲ್ಲಿ ಮೂತಿಯಿಟ್ಟು ಸಿಪ್ಪೆ ಹುಡುಕತೊಡಗಿತು. ಬಾಣ ಪಕ್ಕೆಗೆ ನಾಟಿತು. ಕಾಡಿನ ಕಡೆ ಓಡುವುದು ಬಿಟ್ಟು ಅದು ಅತ್ತೆ ಕೂರುತ್ತಿದ್ದ ಮೆಟ್ಟಿಲಿನ ಕಡೆ ಓಡಿ ಬಂದು ಬಿತ್ತು.

ಒದ್ದೆ ತಲೆಯಲ್ಲಿ ಹೊರಬಂದ ಅತ್ತೆ ಜಿಂಕೆಯನ್ನು ನೋಡಿದರು, ಆಚೆ ನಿಂತಿದ್ದ ತಮ್ಮ ಶಾಲನ್ನು ನೋಡಿದರು. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಮಗ ಮರದಿಂದಿಳಿದು, ಕ್ಯಾಮೆರಾ ತರಲು ನನಗೆ ಹೇಳಿ, ಜಿಂಕೆಯ ಕೊಂಬು ಹಿಡಿದು ಕುಕ್ಕರಗಾಲಲ್ಲಿ ಕೂತರು.

"ಅಮ್ಮ, ಸ್ವಲ್ಪ ಪಕ್ಕಕ್ಕೆ ಹೋಗು. ಫೋಟೋದಲ್ಲಿ ಬರ್ತಿದ್ದೀಯ."

ಅತ್ತೆ ಪಕ್ಕಕ್ಕೆ ಸರಿದರು. ಆ ಗಂಡಸಿನ ಜೊತೆ ಒಂದೇ ಮನೆಯಲ್ಲಿರುವುದಕ್ಕೆ ನನಗೆ ಹೇಸಿಗೆಯಾಯಿತು. ಆದರೂ ಕ್ಯಾಮೆರಾ ತಂದುಕೊಟ್ಟೆ.

ಮರುದಿನ ತಾಯಿಯೂ ಮರಿಯೂ ಎಂದಿನಂತೆ ಬಂದವು. ಅತ್ತೆ ಅದೇ ಶಾಲು ಹೊದ್ದು ಹೊರಗೆ ಹೋದರು. ಮಡಿಲಲ್ಲಿರುವುದು ಸಿಪ್ಪೆ ಎಂದುಕೊಂಡೆ. ಅವರು ಬೀಸಿದ ಕಲ್ಲು ಮರಿಯ ಕಾಲಿಗೆ ಬಡಿಯಿತು. ಮರಿ ಬೆದರಿತು, ಓಡಲಿಲ್ಲ. ಕುಂಟುತ್ತಾ ಬಂದು, ತಿನ್ನುವುದೇನೋ ಎಂದು ಕಲ್ಲನ್ನೇ ಮೂಸಿತು. ಅತ್ತೆ ಇನ್ನೊಂದು ಬೀಸಿದರು, ಇನ್ನೂ ಜೋರಾಗಿ.

"ಪಾಪ, ಬಿಡಿ ಅತ್ತೆ," ಎಂದೆ.

"ನನ್ನ ವಾಸನೆ ಬಂದ್ರೆ ಓಡೋದು ಕಲೀಲಿ. ಅವನು ಸುಮ್ಮನಿರೋನಲ್ಲ, ನಾನು ಹೆತ್ತಿದೀನಿ, ನಂಗೊತ್ತು."

ಮಡಿಲು ಬರಿದಾಗಿತ್ತು. ಮರಿ ಇನ್ನೂ ನಿಂತೇ ಇತ್ತು. ನಾನು ಹೂವಿನ ಪಾತಿಯಿಂದ ಕಲ್ಲು ಆರಿಸಿ ತಂದು ಅವರ ಕೈಗೆ ಕೊಟ್ಟೆ.