ಹಲಸೂರಿನ ಪಾರಿವಾಳಗಳಿಗೆ ಮರದ ಮನೆ

ಮರದ ಮನೆಯ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಕಲಿತು ನಾನು ಬಿಡಿಸಿದ ಮೊದಲ ಮನೆ ಪಾರಿವಾಳಗಳದ್ದು. ಹಾಗಾಗಬೇಕೆಂದು ಯಾರೂ ಅಂದುಕೊಂಡಿರಲಿಲ್ಲ.

ಆಗ ನಾನು ಇಂದಿರಾನಗರದ ಒಂದು ಸಣ್ಣ ಆಫೀಸಿನಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದೆ. ಕೆಳಗೆ ಬೇಕರಿ, ಮೇಲೆ ನಾವು. ಅಪಾರ್ಟ್‌ಮೆಂಟುಗಳ ಅಡುಗೆಮನೆ, ವಾರ್ಡ್‌ರೋಬು ಬಿಡಿಸಿಕೊಂಡು ಆಫೀಸು ಹೇಗೋ ನಡೆಯುತ್ತಿತ್ತು. ನಮ್ಮ ಸರ್ ಯಾವುದೋ ಪ್ರದರ್ಶನಕ್ಕೆ ಹೋಗಿ ಬಂದವರು, ಇನ್ನು ಮುಂದೆ ರೆಸಾರ್ಟಿನವರೆಲ್ಲ ಇಟ್ಟಿಗೆ ಸಿಮೆಂಟು ಬಿಟ್ಟು ಮರದ ಕಂಬ ತೊಲೆಗಳ ಮನೆಯನ್ನೇ ಕಟ್ಟಿಸುತ್ತಾರೆ ಎಂದು ನಂಬಿಬಿಟ್ಟರು. ದುಬಾರಿ ಸಾಫ್ಟ್‌ವೇರ್ ಬಂತು. ಅದನ್ನು ಕಲಿಯುವ ಕೆಲಸ ನನ್ನ ತಲೆಗೆ ಬಂತು. ಮೆಟ್ಟಿಲ ಬುಡದಲ್ಲಿ ‘ಇಲ್ಲಿ ಮರದ ಮನೆಗಳನ್ನು ಮಾಡಿಕೊಡಲಾಗುತ್ತದೆ’ ಎಂಬ ಬೋರ್ಡೂ ಬಂತು. ರೆಸಾರ್ಟಿನವರು ಮಾತ್ರ ಬರಲಿಲ್ಲ.

ಬಂದವರು ಹಲಸೂರಿನ ಒಬ್ಬ ಯಜಮಾನರು. ಸಿಟಿ ಬಸ್ಸು ಓಡಿಸಿ ರಿಟೈರ್ ಆದವರು. ಬೇಕರಿಗೆ ಬಂದಿದ್ದವರು ಬೋರ್ಡು ನೋಡಿ, ಬನ್ನಿನ ಪೊಟ್ಟಣ ಹಿಡಿದುಕೊಂಡೇ ಮೇಲೆ ಹತ್ತಿದ್ದರು.

“ಮರದ ಮನೆ ಮಾಡ್ತೀರಂತಲ್ಲ. ನಮ್ಮ ಮಕ್ಕಳಿಗೆ ಒಂದು ಬೇಕಿತ್ತು. ಟೆರೇಸ್ ಮೇಲೆ” ಅಂದರು.

ಸರ್ ಕುರ್ಚಿ ಎಳೆದು ಕೂರಿಸಿದರು. “ಎಷ್ಟು ಜನ ಮಕ್ಕಳು ಸರ್ ತಮಗೆ?”

“ಒಂದು ಮೂವತ್ತು ಇರ್ಬಹುದು. ಮೊನ್ನೆ ಇನ್ನೆರಡು ಮೊಟ್ಟೆ ಒಡ್ಕೊಂಡು ಬಂದ್ವು.”

ಬರೆದುಕೊಳ್ಳುತ್ತಿದ್ದ ಸರ್ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಯಜಮಾನರು ನಿಧಾನವಾಗಿ ವಿವರಿಸಿದರು. ಹಳೇ ಗೂಡು ಗೆದ್ದಲು ಹಿಡಿದಿದೆ. ತಗಡಿನದು ಮಾಡಿಸಿದರೆ ಬಿಸಿಲಿಗೆ ಕಾಯುತ್ತದೆ. ಜೋಡಿಗೆ ಒಂದೊಂದು ಕೋಣೆ ಬೇಕು, ಇಲ್ಲದಿದ್ದರೆ ಜಗಳ. ಬೇರೆ ಗಿರಾಕಿಗಳಿದ್ದಿದ್ದರೆ ಸರ್ ಕೈಮುಗಿದು ಕಳಿಸುತ್ತಿದ್ದರೇನೋ. ಇರಲಿಲ್ಲವಾದ್ದರಿಂದ, “ಮನೆ ಅಂದ್ಮೇಲೆ ಮನೇನೇ” ಎಂದು ಒಪ್ಪಿಕೊಂಡರು.

ಆ ಸಾಫ್ಟ್‌ವೇರನ್ನು ಯಾವುದೋ ಚಳಿ ದೇಶದವರು ಮಾಡಿದ್ದರು. ತೆರೆದ ಕೂಡಲೇ ಅದು ಕೇಳುತ್ತಿದ್ದ ಮೊದಲ ಪ್ರಶ್ನೆ, ಚಾವಣಿಯ ಮೇಲೆ ಎಷ್ಟು ಹಿಮ ಬೀಳುತ್ತದೆ ಎಂಬುದು. ಸೊನ್ನೆ ಎಂದು ಕೊಟ್ಟರೆ ಕೆಂಪಕ್ಷರದಲ್ಲಿ ‘ತಪ್ಪು’ ಎನ್ನುತ್ತಿತ್ತು. ಹಲಸೂರಿನಲ್ಲಿ ಒಂದಿಷ್ಟಾದರೂ ಹಿಮ ಬೀಳುತ್ತದೆಂದು ಒಪ್ಪಿಕೊಳ್ಳದೆ ನನ್ನನ್ನು ಮುಂದಕ್ಕೆ ಬಿಡಲೊಲ್ಲದು. ಒಪ್ಪಿಕೊಂಡೆ. ಆ ಹಿಮ ಜಾರಿಹೋಗಲೆಂದು ಅದು ಚಾವಣಿಯನ್ನು ಗೋಪುರದ ಹಾಗೆ ಕಡಿದಾಗಿ ಎತ್ತಿತು.

ಆಮೇಲೆ ಬಾಗಿಲಿನ ತಕರಾರು. ಪಾರಿವಾಳ ನುಗ್ಗುವಷ್ಟು ಕಿಂಡಿ ಬಿಡಿಸಿದರೆ, ಇಷ್ಟು ಗಿಡ್ಡ ಬಾಗಿಲಲ್ಲಿ ಮನುಷ್ಯರು ಓಡಾಡಲಾರರು ಎಂದು ಅಳಿಸಿಹಾಕುತ್ತಿತ್ತು. ಎರಡು ದಿನ ಅದರ ಜೊತೆ ಗುದ್ದಾಡಿ ಸರ್ ಹತ್ತಿರ ಹೋದೆ.

“ಇಂಚು ಅಂದ್ರೆ ಅಡಿ ಅಂದ್ಕೊಂಡು ಬಿಡ್ಸು. ಪಾರಿವಾಳ ಅಂತ ಅದಕ್ಕೆ ಹೇಳ್ಬೇಡ. ಕೊನೇಲಿ ಎಲ್ಲಾ ಕುಗ್ಗಿಸೋಣ” ಅಂದರು.

ಹಾಗೆ ಮಾಡಿದ ಮೇಲೆ ಸಾಫ್ಟ್‌ವೇರ್ ಖುಷಿಯಾಯಿತು. ಆರಂಗುಲದ ಕಿಂಡಿ ಆರಡಿಯ ಬಾಗಿಲಾಯಿತು. ಹಕ್ಕಿ ಬಂದು ಕೂರುವ ಪಟ್ಟಿ ಬಾಲ್ಕನಿಯಾಯಿತು. ಯಾರೂ ಬೀಳದಿರಲೆಂದು ಬಾಲ್ಕನಿಗೆ ತಾನೇ ಕಟಾಂಜನ ಹಾಕಿತು. ಇಷ್ಟು ಕೋಣೆಗಳಿದ್ದೂ ಒಂದು ಶೌಚಾಲಯವೂ ಇಲ್ಲವಲ್ಲ ಎಂದು ಮತ್ತೆಮತ್ತೆ ಎಚ್ಚರಿಸಿತು. ಪಾರಿವಾಳಗಳ ಪದ್ಧತಿಯನ್ನು ಅದಕ್ಕೆ ತಿಳಿಸಿ ಹೇಳುವ ದಾರಿ ನನಗೆ ಗೊತ್ತಾಗಲಿಲ್ಲ.

ಕೊನೆಗೆ ಚಿತ್ರ ತೆಗೆದಾಗ ಪರದೆಯ ಮೇಲೆ ಮೂರಂತಸ್ತಿನ ಮರದ ಬಂಗಲೆ ನಿಂತಿತ್ತು. ಹಿಂದೆ ದೇವದಾರು ಕಾಡು. ಅಳತೆ ತಿಳಿಯಲೆಂದು ಸಾಫ್ಟ್‌ವೇರ್ ತಾನಾಗಿಯೇ ನಿಲ್ಲಿಸಿದ್ದ ಗಂಡ ಹೆಂಡತಿ, ನಡುವಿನ ಬಾಲ್ಕನಿಯಲ್ಲಿ ಕಾಫಿ ಕಪ್ಪು ಹಿಡಿದು ನಗುತ್ತಿದ್ದರು. ಅದನ್ನು ಯಜಮಾನರ ಫೋನಿಗೆ ಕಳಿಸಿದೆ. ಅವರು ಅದನ್ನು ಬೀದಿಗೆಲ್ಲ ತೋರಿಸಿದರು.

ತಾರಸಿಯ ಅಳತೆ ತರಲು ನಾನು ಹೋದಾಗ ಅವರ ಮನೆ ಮುಂದೆ ಜನ ನಿಂತಿದ್ದರು. ಮೇಲೆ ಮೂರು ಅಂತಸ್ತು ಏಳುತ್ತದಂತೆ, ಹದಿನೈದು ರೂಮಂತೆ ಎಂದು ಬೀದಿಯಲ್ಲಿ ಸುದ್ದಿಯಾಗಿತ್ತು. ಯಜಮಾನರ ಹೆಂಡತಿ ಬಾಗಿಲಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು.

“ನೀನೇನಮ್ಮಾ ಅದನ್ನ ಬಿಡಿಸ್ದೋಳು? ಅಡುಗೆಮನೆಗೊಂದು ಕಿಟಕಿ ಇಡ್ಸಿ ಅಂತ ಮದುವೆಯಾದಾಗಿಂದ ಹೇಳ್ತಾ ಇದೀನಿ. ಅವಕ್ಕೆ ಬಾಲ್ಕನಿ ಮಾಡಿಸ್ತಾರೆ.”

ಅಷ್ಟರಲ್ಲಿ ಗುಂಪಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಯಾದಗಿರಿ ಕಡೆಯವಳು. ಹತ್ತಿರದಲ್ಲೇ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ಎರಡು ಹೆಜ್ಜೆ ಹಿಂದೆ ನಿಂತಿದ್ದ.

“ಖೋಲಿ ಬಾಡಿಗಿಗಿ ಅದಾವಂತಲ್ರೀ ಅಕ್ಕಾರ. ನಮಗ ಕೆಳಗಿನ ಅಂತಸ್ತಿಂದು ಕೊಡ್ರಿ. ಮ್ಯಾಲ ನೀರು ಹೊತ್ಕೊಂಡು ಹತ್ತಾಕ ಆಗಂಗಿಲ್ಲ.”

“ಅದು ಜನಕ್ಕಲ್ಲ ಕಣಕ್ಕಾ. ಪಾರಿವಾಳಕ್ಕೆ” ಅಂದೆ.

ಅವಳು ಪಕ್ಕದವರ ಫೋನು ಇಸಿದುಕೊಂಡು ಚಿತ್ರವನ್ನು ಮತ್ತೊಮ್ಮೆ ನೋಡಿದಳು. “ಮತ್ತ ಇಲ್ಲಿ ಕಾಫಿ ಕುಡಿಯಾಕತ್ತಾರಲ್ಲ, ಇವ್ರು ಯಾರು?”

“ಅವರು ಸಾಫ್ಟ್‌ವೇರ್‌ನವರು” ಅಂದೆ.

“ಹಂಗನ್ರಿ ಮತ್ತ. ಸಾಫ್ಟ್‌ವೇರ್‌ನವ್ರಿಗಾದ್ರ ಕೊಡ್ತೀರಿ, ನಮಗ ಕೇಳಿದ್ರ ಪಾರಿವಾಳ ಅಂತೀರಿ.”

ನಾನು ಎಷ್ಟು ಬಿಡಿಸಿ ಹೇಳಿದರೂ ಅವಳು ನಂಬಲಿಲ್ಲ. ಯಜಮಾನರೇ ಗಂಡ ಹೆಂಡತಿಯನ್ನು ತಾರಸಿಗೆ ಕರೆದುಕೊಂಡು ಹೋಗಿ ಹಳೇ ಗೂಡನ್ನೂ ಹಕ್ಕಿಗಳನ್ನೂ ತೋರಿಸಿದರು. ಇಳಿದು ಬರುವಾಗ ಅವಳು ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ, ನನ್ನ ಓದಿನ ಬಗ್ಗೆ ಒಂದು ಬಗೆಯ ಮರುಕವಿತ್ತು. ಯಜಮಾನರ ಹೆಂಡತಿ ಇಬ್ಬರಿಗೂ ಟೀ ಕೊಟ್ಟು, ಹಿಂದಿನ ಬೀದಿಯಲ್ಲಿ ಖಾಲಿ ಇದ್ದ ರೂಮಿನ ವಿಳಾಸ ಹೇಳಿ ಕಳಿಸಿದರು.

ಕುಗ್ಗಿಸುವ ದಿನ ಬಂತು. ಅಡಿಗಳನ್ನೆಲ್ಲ ಇಂಚಿಗಿಳಿಸಿ, ಮರವನ್ನು ಯಾವ ಅಳತೆಗೆ ಕೊಯ್ಯಬೇಕೆಂಬ ಫೈಲನ್ನು ಕೆ.ಆರ್. ಪುರಂ ಆಚೆಯ ಸಾಮಿಲ್ಲಿಗೆ ಕಳಿಸಿದೆ. ಮಧ್ಯಾಹ್ನ ಅಲ್ಲಿಂದ ಫೋನು ಬಂತು.

“ಮೇಡಂ, ತೊಲೆ ಎಷ್ಟು ದಪ್ಪ ಇದ್ಯೋ ಅದಕ್ಕೆ ಹೊಡಿಯೋ ಗೂಟಾನೂ ಅಷ್ಟೇ ದಪ್ಪ ಇದೆ. ತೂತು ಕೊರೆದ್ರೆ ಬರೀ ತೂತೇ ಉಳಿಯುತ್ತೆ. ಏನ್ ಮಾಡ್ಲಿ?”

ತೆರೆದು ನೋಡಿದರೆ ನಿಜ. ಕಂಬ, ತೊಲೆ, ಬಾಗಿಲು ಎಲ್ಲವೂ ಕುಗ್ಗಿದ್ದವು. ಅವನ್ನು ಕೂಡಿಸುವ ಮರದ ಗೂಟಗಳನ್ನು ಮಾತ್ರ ಸಾಫ್ಟ್‌ವೇರ್ ತನ್ನ ದೇಶದ ಅಳತೆಯಲ್ಲೇ ಉಳಿಸಿಕೊಂಡಿತ್ತು. ಗೂಡು ಮುಳ್ಳುಹಂದಿಯ ಹಾಗೆ ಕಾಣುತ್ತಿತ್ತು. ಸರ್ ಅದನ್ನು ನೋಡಿ, “ಗೂಟ ಕಿತ್ತಾಕು. ಸ್ಕ್ರೂ ಹೊಡಿಸೋಣ” ಅಂದರು. ಒಂದೊಂದು ಗೂಟ ಅಳಿಸಿದಾಗಲೂ, ಕಟ್ಟಡ ಕುಸಿಯಬಹುದು, ಒಳಗಿರುವವರನ್ನು ಹೊರಗೆ ಕಳಿಸಿ ಎಂಬ ಎಚ್ಚರಿಕೆ ಬರುತ್ತಿತ್ತು. ಸರಿ, ಸರಿ ಎಂದು ಒತ್ತುತ್ತಾ ಹೋದೆ.

ಭಾನುವಾರ ಸಾಮಿಲ್ಲಿನಿಂದ ಗೂಡಿನ ಭಾಗಗಳನ್ನೆಲ್ಲ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದೆವು. ಕೆ.ಆರ್. ಪುರಂ ತೂಗುಸೇತುವೆ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಪಕ್ಕದ ಬೈಕಿನವನು ಕಡಿದಾದ ಚಾವಣಿ ನೋಡಿ, “ಯಾವ ದೇವರಿಗೆ ಮೇಡಂ?” ಎಂದು ಕೇಳಿದ. ಪಾರಿವಾಳಕ್ಕೆ ಎಂದೆ. ಅವನು ಹೆಲ್ಮೆಟ್ಟಿನ ಮೇಲೇ ಕೈಮುಗಿದು ಮುಂದೆ ಹೋದ.

ತಾರಸಿಯ ಮೇಲೆ ಜೋಡಿಸಿ ಮುಗಿಸಿದಾಗ ಅದು ನಿಜಕ್ಕೂ ಚೆನ್ನಾಗಿ ಕಂಡಿತು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಯಜಮಾನರು ಹಕ್ಕಿಗಳನ್ನು ಬಿಟ್ಟರು. ಅವು ಬೀದಿಯ ಮೇಲೊಂದು ಸುತ್ತು ಹಾರಿ ಬಂದು ಹೊಸ ಚಾವಣಿಯ ಮೇಲೆ ಇಳಿದವು. ಇಳಿದವು ಇಳಿದ ಹಾಗೇ ಜಾರಿದವು. ಒಂದರ ಹಿಂದೆ ಒಂದು, ರೆಕ್ಕೆ ಬಡಿಯುತ್ತಾ, ಕೆಳಗೆ ಜಾರಿ ಗಾಬರಿಯಾಗಿ ಮತ್ತೆ ಹಾರಿದವು. ಕೊನೆಗೆ ಎಲ್ಲವೂ ನೀರಿನ ಟ್ಯಾಂಕಿನ ಮೇಲೆ ಸಾಲಾಗಿ ಕುಳಿತು ನಮ್ಮನ್ನು ನೋಡಿದವು.

“ಇದೇನಮ್ಮಾ, ಜಾರುಬಂಡೆ ಮಾಡ್ಬಿಟ್ಟಿದೀಯ” ಅಂದರು ಯಜಮಾನರು.

“ಅದು ಹಿಮ ಬಿದ್ರೆ ನಿಲ್ಲದೆ ಜಾರಿಹೋಗ್ಲಿ ಅಂತ ಸರ್.”

ಅವರು ತಲೆಯೆತ್ತಿ ಆಕಾಶ ನೋಡಿದರು. ಸುಡು ಬಿಸಿಲಿತ್ತು. “ಬೀಳುತ್ತಾ?”

“ಇಲ್ಲ ಸರ್.”

“ಮತ್ತೆ?”

ಅವರ ಹೆಂಡತಿ ಕೆಳಗೆ ಹೋಗಿ ಎರಡು ಹಳೇ ಗೋಣಿಚೀಲ ತಂದರು. ಯಜಮಾನರು ಅವನ್ನು ಬಿಚ್ಚಿ ಚಾವಣಿಯ ಎರಡೂ ಕಡೆ ಮೊಳೆ ಹೊಡೆದು ಹಾಸಿದರು. ಸ್ವಲ್ಪ ಹೊತ್ತಿಗೆ ಒಂದು ಬೂದು ಹಕ್ಕಿ ಬಂದು ಗೋಣಿಯ ಮೇಲೆ ಕಾಲೂರಿ ನಿಂತಿತು. ಅದರ ಹಿಂದೆ ಉಳಿದವೂ ಬಂದವು.

ಸಂಜೆ ಕೋಣೆ ಹಂಚುವ ಕೆಲಸ ಶುರುವಾಯಿತು. ಯಜಮಾನರು ಒಂದೊಂದೇ ಜೋಡಿಯನ್ನು ಹಿಡಿದು ಒಳಗೆ ಬಿಡುತ್ತಿದ್ದರು. ನಾನು ಟೀ ಲೋಟ ಹಿಡಿದು ಕಟ್ಟೆಯ ಮೇಲೆ ಕೂತಿದ್ದೆ. ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ಅವರ ಹೆಂಡತಿ ಮೊದಲು ದೂರದಿಂದಲೇ ನೋಡುತ್ತಿದ್ದರು. ಆಮೇಲೆ ಬಟ್ಟೆಯನ್ನು ನನ್ನ ಮಡಿಲಿಗೆ ಹಾಕಿ ಹತ್ತಿರ ಹೋದರು.

“ಆ ಬಿಳೀದನ್ನ ಅಲ್ಲಿ ಬಿಡ್ಬೇಡ್ರೀ. ಪಕ್ಕದ್ದಕ್ಕೂ ಅದಕ್ಕೂ ಆಗ್ಬರಲ್ಲ. ಮೂಲೆ ಬಾಲ್ಕನಿ ಕೊಡಿ ಅದಕ್ಕೆ, ಬೆಳಿಗ್ಗೆ ಬಿಸಿಲು ಬರುತ್ತೆ” ಅಂದರು.